ಎರಡನೇ ಚಳಿಗಾಲಕ್ಕೂ ಉಳಿದವು ಯಾವುವು? ಬಾಗಿಲು-ಕಿಟಕಿ ಸೀಲ್ ಪಟ್ಟಿಗಳ ದೀರ್ಘ ಬಳಕೆಯ ವಿಮರ್ಶೆ

ಬಾಗಿಲು, ಕಿಟಕಿಗಳ ಸಂದಿಗೆ ಅಂಟಿಸುವ ಸೀಲ್ ಪಟ್ಟಿಗಳ ವಿಮರ್ಶೆ ಓದಿದ್ದೀರಾ? ಹೆಚ್ಚಿನವು ಅಂಟಿಸಿದ ವಾರದೊಳಗೆ ಬರೆದಂಥವು. ಆಗ ಎಲ್ಲಾ ಪಟ್ಟಿಗೂ ಐದು ಸ್ಟಾರ್ ಬೀಳುತ್ತದೆ. ಬೀಳದೆ ಇನ್ನೇನು? ಹೊಸ ಫೋಮ್ ಉಬ್ಬಿಕೊಂಡಿರುತ್ತದೆ, ಅಂಟು ತಾಜಾ ಇರುತ್ತದೆ, ಗಾಳಿ ನಿಂತೇ ನಿಲ್ಲುತ್ತದೆ. ನಿಜವಾದ ಪರೀಕ್ಷೆ ಇರುವುದು ನಡುವೆ ಬಿಸಿಲು, ಮಳೆ ಎಲ್ಲಾ ಕಳೆದು ಮತ್ತೆ ಚಳಿ ಬಂದಾಗ. ನಮ್ಮ ಮನೆಯಲ್ಲಿ ಈ ಪಟ್ಟಿಗಳು ಹಲವು ಚಳಿಗಾಲ ಕಂಡಿವೆ. ಅವು ಹೇಗೆ ಹಳತಾದವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದೇ ವಸ್ತು, ಒಂದೇ ಆಕಾರ ಇದ್ದರೆ ಬೇರೆ ಬೇರೆ ಕಂಪನಿಯವುಗಳ ನಡುವೆ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಮಾಡಿದ್ದು ಬೇರೆ. ಆ ಸಂದಿ ಹೇಗೆ ಅಲುಗುತ್ತದೆ ಅನ್ನುವುದು. ತೆರೆದು ಮುಚ್ಚುವ ಬಾಗಿಲಲ್ಲಿ ಪಟ್ಟಿ ಒತ್ತಿಸಿಕೊಳ್ಳುತ್ತದೆ. ಜಾರುವ ಕಿಟಕಿಯಲ್ಲಿ ಉಜ್ಜಿಸಿಕೊಳ್ಳುತ್ತದೆ. ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕು ಅಲುಗುವುದೇ ಇಲ್ಲ. ಈ ಮೂರಕ್ಕೂ ಒಂದೇ ಸುರುಳಿ ಸಾಕು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರಲ್ಲ, ಅದನ್ನು ನಂಬಬೇಡಿ.

ಇಷ್ಟು ಸಣ್ಣ ಸಂದಿಗೆ ಇಷ್ಟೆಲ್ಲಾ ಯಾಕೆ ಅನ್ನುವವರಿಗೆ ಒಂದು ಲೆಕ್ಕ. 2 ಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲದ ಬಾಗಿಲಿನ ಸುತ್ತಳತೆ 5.8 ಮೀಟರ್. ಸುತ್ತಲೂ ಬರೀ 2 ಮಿಲಿಮೀಟರ್ ಸಂದಿ ಇದ್ದರೂ ಒಟ್ಟು 116 ಚದರ ಸೆಂಟಿಮೀಟರ್ ಆಯಿತು. ಅಂದರೆ ಬಾಗಿಲಿನಲ್ಲಿ ಹತ್ತಿರ ಹತ್ತಿರ 11 ಸೆಂಟಿಮೀಟರ್ ಉದ್ದಗಲದ ಚೌಕಾಕಾರದ ತೂತು ಇದ್ದ ಹಾಗೆ. ಅಂಥ ತೂತು ಕಣ್ಣಿಗೆ ಬಿದ್ದಿದ್ದರೆ ಯಾರೂ ಒಂದು ರಾತ್ರಿ ಕೂಡ ಹಾಗೇ ಬಿಡುತ್ತಿರಲಿಲ್ಲ, ಅಲ್ವಾ?

ಮೊದಲು ಎಲ್ಲರೂ ಕೊಳ್ಳುವ ಫೋಮ್ ಟೇಪ್. ಅಗ್ಗ, ಕತ್ತರಿಯಿಂದ ಕತ್ತರಿಸಿದರೆ ಆಯಿತು, ಅಂಕುಡೊಂಕಾದ ಚೌಕಟ್ಟಿಗೂ ಹೊಂದಿಕೊಳ್ಳುತ್ತದೆ. ಇದರಲ್ಲೂ ಎರಡು ಜಾತಿ ಇದೆ. ಒಂದು ಸ್ಪಂಜಿನಂಥದ್ದು. ಅದರ ರಂಧ್ರಗಳು ಒಂದಕ್ಕೊಂದು ಕೂಡಿರುತ್ತವೆ, ಹಾಗಾಗಿ ಪೂರ್ತಿ ಒತ್ತದಿದ್ದರೆ ಗಾಳಿ ಅದರೊಳಗಿಂದಲೇ ದಾಟುತ್ತದೆ, ನೀರನ್ನೂ ಹೀರುತ್ತದೆ. ಇನ್ನೊಂದರಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿರುತ್ತದೆ. ಅದು ಸ್ವಲ್ಪ ಗಟ್ಟಿ, ಆದರೆ ನೀರು ಕುಡಿಯುವುದಿಲ್ಲ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಸ್ಪಂಜಿನದು ಒತ್ತಿದ ತಕ್ಷಣ ಪೂರ್ತಿ ಚಪ್ಪಟೆಯಾಗುತ್ತದೆ.

ಎರಡೂ ನಮ್ಮ ಮುಂಬಾಗಿಲಲ್ಲಿ ಸೋತವು. ಸೋತ ರೀತಿ ಮಾತ್ರ ಬೇರೆ. ಸ್ಪಂಜಿನದು ಬಿಸಿಲು ಬೀಳುವ ಕಡೆ ಪುಡಿ ಪುಡಿಯಾಗಿ ಉದುರಿತು. ಗಟ್ಟಿಯದು ಉದುರಲಿಲ್ಲ, ಆದರೆ ಬಾಗಿಲು ಮುಚ್ಚಿ ಮುಚ್ಚಿ ಒತ್ತಿದ ಜಾಗದಲ್ಲಿ ಅದುಮಿಕೊಂಡು ಮತ್ತೆ ಉಬ್ಬಲೇ ಇಲ್ಲ. ನೋಡಲಿಕ್ಕೆ ಪಟ್ಟಿ ಇದೆ, ಗಾಳಿಯೂ ಇದೆ. ಅಪರೂಪಕ್ಕೆ ತೆರೆಯುವ ಕಿಟಕಿಯಲ್ಲಿ ಅದೇ ಗಟ್ಟಿ ಫೋಮ್ ಈಗಲೂ ಕೆಲಸ ಮಾಡುತ್ತಿದೆ. ಬಾಡಿಗೆ ಮನೆಯಲ್ಲಿ ಒಂದು ಚಳಿಗಾಲ ಕಳೆದರೆ ಸಾಕು ಅನ್ನುವವರಿಗೂ ಅದು ಸರಿ. ದಿನಕ್ಕೆ ಇಪ್ಪತ್ತು ಸಲ ತೆರೆಯುವ ಬಾಗಿಲಿಗೆ ಮಾತ್ರ ಬೇಡ.

ಆ ಬಾಗಿಲಿಗೆ ಬೇಕಾದ್ದು ಇಪಿಡಿಎಂ ರಬ್ಬರ್. ಕಾರಿನ ಬಾಗಿಲ ಸುತ್ತ ಇರುವ ರಬ್ಬರ್ ಸಾಮಾನ್ಯವಾಗಿ ಇದೇ ವಸ್ತು. ಬಿಸಿಲಿಗೆ, ಓಜೋನಿಗೆ ಬೇಗ ಬಿರುಕು ಬಿಡುವುದಿಲ್ಲ, ಚಳಿಯಲ್ಲೂ ಮೆತ್ತಗಿರುತ್ತದೆ. ಒತ್ತಿದರೆ ಮಡಚಿಕೊಂಡು, ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ಅಡ್ಡ ಕತ್ತರಿಸಿದಾಗ ಕಾಣುವ ಆಕಾರದ ಮೇಲೆ ಇ, ಪಿ, ಡಿ ಅಂತ ಇಂಗ್ಲಿಷ್ ಅಕ್ಷರಗಳ ಹೆಸರು ಇಟ್ಟಿದ್ದಾರೆ. ಸುಮಾರಾಗಿ ಹೇಳುವುದಾದರೆ ಇ ಆಕಾರ 2ರಿಂದ 3.5 ಮಿಲಿಮೀಟರ್ ಸಂದಿಗೆ, ಪಿ 3ರಿಂದ 5ಕ್ಕೆ, ಡಿ ಅದಕ್ಕಿಂತ ದೊಡ್ಡದಕ್ಕೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ, ಪ್ಯಾಕೆಟ್ ಮೇಲೆ ನೋಡಿಕೊಳ್ಳಿ.

ಹಾಗಂತ ದಪ್ಪ ಇದ್ದಷ್ಟೂ ಒಳ್ಳೆಯದು ಅಂತಲ್ಲ. ಪಟ್ಟಿ ಸಂದಿಗಿಂತ ತೀರಾ ದಪ್ಪವಾದರೆ ಚಿಲಕ ಕೂರುವುದಿಲ್ಲ. ಜನ ಬಾಗಿಲನ್ನು ದಬ್ಬಿ ದಬ್ಬಿ ಹಾಕುತ್ತಾರೆ. ಆಮೇಲೆ ಬಿಜಾಗರಿಯ ಸ್ಕ್ರೂ ಸಡಿಲವಾಗಿ ಬಾಗಿಲೇ ಜೋತುಬೀಳುತ್ತದೆ. ಸಂದಿ ಅಳೆಯಲು ಸುಲಭದ ದಾರಿ ಇದೆ. ಮಕ್ಕಳ ಆಟದ ಮಣ್ಣಿನ ಸಣ್ಣ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೌಕಟ್ಟಿನ ಅಲ್ಲಲ್ಲಿ ಇಡಿ. ಬಾಗಿಲು ಹಾಕಿ, ಚಿಲಕ ಬಿಗಿಯಿರಿ. ತೆಗೆದು ನೋಡಿದರೆ ಒತ್ತಿದ ಉಂಡೆಯ ದಪ್ಪವೇ ಸಂದಿಯ ಅಳತೆ. ಬಿಜಾಗರಿ ಕಡೆ ಒಂದು ಅಳತೆ, ಚಿಲಕದ ಕಡೆ ಇನ್ನೊಂದು ಬರುವುದು ಮಾಮೂಲು. ನಮ್ಮಲ್ಲಿ ಒಂದೇ ಬಾಗಿಲಿಗೆ ಒಂದು ಬದಿ ಇ, ಇನ್ನೊಂದು ಬದಿ ಪಿ ಇದೆ.

ರಬ್ಬರ್ ಚೆನ್ನಾಗಿದ್ದರೂ ಅಂಟು ಕೈಕೊಟ್ಟರೆ ಎಲ್ಲಾ ಮುಗಿಯಿತು. 'ಪಟ್ಟಿ ಕಿತ್ತು ಬಂತು' ಅನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಚೌಕಟ್ಟಿನ ಎಣ್ಣೆ, ಧೂಳು, ಇಲ್ಲವೇ ಚಳಿ. ಹಳೆಯ ಅಂಟನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನವಾಗಿ ಎಳೆದು ತೆಗೆಯಿರಿ. ಸಾಬೂನು ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಬಣ್ಣ ಕೆಡುವುದಿಲ್ಲ ಅಂತ ಒಂದು ಮೂಲೆಯಲ್ಲಿ ಮೊದಲೇ ನೋಡಿಕೊಳ್ಳಿ. ಅಂಟಿಸುವಾಗ ಪಟ್ಟಿಯನ್ನು ಎಳೆಯಲೇಬಾರದು. ಎಳೆದು ಅಂಟಿಸಿದ ರಬ್ಬರ್ ನಿಧಾನಕ್ಕೆ ಕುಗ್ಗಿ ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ಇಂಥ ಅಂಟು ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಈ ಕೆಲಸ ಚಳಿ ಶುರುವಾಗುವ ಮುಂಚೆಯೇ ಮುಗಿಯಬೇಕು. ಚಳಿ ಕೊರೆಯುವಾಗ ಅಂಗಡಿಗೆ ಓಡಿದರೆ ಪಟ್ಟಿ ಸಿಗುತ್ತದೆ, ಅಂಟು ಕೂರುವುದಿಲ್ಲ. ಹೊಸದಾಗಿ ಬಣ್ಣ ಬಳಿದ ಚೌಕಟ್ಟಿಗೂ ಆತುರ ಬೇಡ. ಬಣ್ಣ ಪೂರ್ತಿ ಗಟ್ಟಿಯಾಗದೆ ಇದ್ದರೆ ರಬ್ಬರ್ ಅದಕ್ಕೇ ಕಚ್ಚಿಕೊಂಡು, ಬಾಗಿಲು ತೆರೆದಾಗ ಬಣ್ಣವನ್ನೇ ಕಿತ್ತು ತರುತ್ತದೆ.

ಬಾಗಿಲ ಅಡಿಯ ಸಂದಿ ಬೇರೆಯದೇ ಕಥೆ. ಅಲ್ಲಿ ಅಂಟಿಸುವ ಸಿಲಿಕಾನ್ ಪಟ್ಟಿಗಳು ಸುಲಭ, ಆದರೆ ಕಸಪೊರಕೆ, ಒದ್ದೆ ನೆಲ, ಕಾಲೊದೆತ ಎಲ್ಲವೂ ಅದಕ್ಕೇ ತಾಗುತ್ತದೆ. ನನ್ನ ಅನುಭವದಲ್ಲಿ ಸ್ಕ್ರೂ ಹಾಕಿ ಕೂರಿಸುವ ಅಲ್ಯೂಮಿನಿಯಂ ಪಟ್ಟಿಯೇ ಬಾಳಿಕೆಯದು. ಅದರೊಳಗಿನ ರಬ್ಬರ್ ನಾಲಿಗೆ ಸವೆದರೆ ಅದನ್ನಷ್ಟೇ ಬದಲಾಯಿಸಬಹುದು. ನೆಲ ಸಮ ಇಲ್ಲದ ಕಡೆ ರಬ್ಬರ್ ಬದಲು ಬ್ರಶ್ ಇರುವುದನ್ನು ಹಾಕಿಸಿದೆವು. ಗಾಳಿ ತಡೆಯುವುದರಲ್ಲಿ ಅದು ರಬ್ಬರಿಗಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ನೆಲ ಕೆರೆಯುವುದಿಲ್ಲ, ಬಾಗಿಲು ತಡೆಯುವುದಿಲ್ಲ. ತನ್ನಷ್ಟಕ್ಕೆ ಇಳಿಯುವ ಸೀಲ್ ಕೂಡ ಬರುತ್ತದೆ. ಬಾಗಿಲು ಮುಚ್ಚಿದಾಗ ಬದಿಯ ಗುಂಡಿ ಚೌಕಟ್ಟಿಗೆ ಒತ್ತಿ ರಬ್ಬರ್ ಕೆಳಗಿಳಿಯುತ್ತದೆ, ತೆರೆದರೆ ಮೇಲೇರುತ್ತದೆ. ಜಮಖಾನ ಹಾಸಿದ ಕೋಣೆಗೆ ಇದಕ್ಕಿಂತ ಒಳ್ಳೆಯದಿಲ್ಲ. ದುಬಾರಿ, ಕೂರಿಸಲು ಬಡಗಿ ಬೇಕು.

ಜಾರುವ ಅಲ್ಯೂಮಿನಿಯಂ ಕಿಟಕಿಗಳಿಗೆ ಫೋಮ್ ಅಂಟಿಸುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ನಾಲ್ಕು ಸಲ ಎಳೆದರೆ ಅದು ಸುತ್ತಿಕೊಂಡು ಹಳಿಯೊಳಗೆ ಸೇರುತ್ತದೆ. ಅಲ್ಲಿ ಕಿಟಕಿಯ ಜೊತೆಗೇ ಬಂದ ಸಣ್ಣ ಬ್ರಶ್‌ನಂಥ ಪಟ್ಟಿ ಇರುತ್ತದೆ, ವುಲ್ ಪೈಲ್ ಅಂತಾರೆ. ಅದು ಸವೆದಿದ್ದರೆ ಹಳೆಯದನ್ನು ಎಳೆದು ತೆಗೆದು, ಅದೇ ತಳದ ಅಗಲ, ಅದೇ ಎಳೆಯ ಎತ್ತರದ ಹೊಸದನ್ನು ತೋಡಿನೊಳಗೆ ಜಾರಿಸಬೇಕು. ತುಂಡನ್ನು ಅಂಗಡಿಗೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ಎಳೆಗಳ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇರುವ ಬಗೆ ಸಿಕ್ಕರೆ ಅದನ್ನೇ ಕೊಳ್ಳಿ. ಗಾಳಿ ಇನ್ನೂ ಕಡಿಮೆ ನುಸುಳುತ್ತದೆ.

ಆ ಕಿಟಕಿಗಳ ಕೆಳ ಹಳಿಯಲ್ಲಿ ಹೊರಗಡೆಗೆ ಸಣ್ಣ ತೂತುಗಳಿರುತ್ತವೆ. ಅವು ನೀರು ಹೋಗಲು ಬಿಟ್ಟ ತೂತುಗಳು. ಗಾಳಿ ಬರುತ್ತದೆ ಅಂತ ಅವುಗಳಿಗೆ ಸಿಲಿಕಾನ್ ತುಂಬಿದರೆ ಮಳೆನೀರು ಒಳಗೇ ನಿಂತು ಗೋಡೆಗೆ ಇಳಿಯುತ್ತದೆ. ಮುಚ್ಚಬೇಡಿ. ಕಸ ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ.

ಅಲುಗದ ಬಿರುಕುಗಳಿಗೆ ಟ್ಯೂಬಿನ ಸೀಲಂಟ್ ಸಾಕು. ಒಳಗಡೆ, ಮೇಲೆ ಬಣ್ಣ ಬಳಿಯಬೇಕಾದ ಜಾಗಕ್ಕೆ ಅಕ್ರಿಲಿಕ್. ಹೊರಗಡೆ, ನೀರು ಬೀಳುವ ಜಾಗಕ್ಕೆ ಸಿಲಿಕಾನ್. ಸಾಮಾನ್ಯ ಸಿಲಿಕಾನ್ ಮೇಲೆ ಬಣ್ಣ ಹಿಡಿಯುವುದಿಲ್ಲ, ಇದು ಗೊತ್ತಿರಲಿ. ಒಮ್ಮೆ ಸರಿಯಾಗಿ ಹಚ್ಚಿದರೆ ಇದರ ಕಡೆ ವರ್ಷಗಟ್ಟಲೆ ತಿರುಗಿ ನೋಡುವುದೇ ಬೇಡ. ಕಿಟಕಿ ಗಾಜಿನ ಮುಂದೆ ಬಿಗಿಯುವ ಪಾರದರ್ಶಕ ಫಿಲ್ಮ್ ಕೂಡ ಹಾಕಿ ನೋಡಿದೆವು. ಹೇರ್ ಡ್ರೈಯರ್ ಹಿಡಿದರೆ ಬಿಗಿಯಾಗಿ ಕೂರುತ್ತದೆ, ಒಂದೇ ಗಾಜಿನ ಹಳೆ ಕಿಟಕಿಗೆ ಗುಣ ಚೆನ್ನಾಗಿ ಕಾಣುತ್ತದೆ. ಆದರೆ ಪ್ರತಿ ವರ್ಷ ಹೊಸದು ಬೇಕು, ಕಿಟಕಿ ತೆರೆಯುವಂತಿಲ್ಲ, ತೆಗೆದಾಗ ಟೇಪಿನ ಜೊತೆ ಬಣ್ಣವೂ ಬರಬಹುದು. ನಾನು ಮತ್ತೆ ಕೊಳ್ಳಲಿಲ್ಲ.

ಇಷ್ಟೆಲ್ಲಾ ಕೊಳ್ಳುವ ಮೊದಲು ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ ಚೌಕಟ್ಟಿನುದ್ದಕ್ಕೂ ನಿಧಾನವಾಗಿ ಹಿಡಿದು ಹೋಗಿ, ಪರದೆಯಿಂದ ದೂರ. ಹೊಗೆ ಅಡ್ಡಕ್ಕೆ ಓಡಿದ ಕಡೆ ಪೆನ್ಸಿಲ್ ಗುರುತು ಹಾಕಿ. ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಸೀಲ್ ಇಲ್ಲ ಅಂತಲೇ ಅರ್ಥ. ಮಹಡಿ ಅಥವಾ ಅಟ್ಟ ಇರುವ ಮನೆಯಾದರೆ ಅಟ್ಟದ ಮುಚ್ಚಳವನ್ನು ಮರೆಯಬೇಡಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನ ಸಂದಿಗಳಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ನಮ್ಮಲ್ಲಿ ಆ ಮುಚ್ಚಳದ ಸುತ್ತ ಡಿ ಪಟ್ಟಿ ಹಾಕಿದ ಮೇಲೆ ಮುಂಬಾಗಿಲ ಹತ್ತಿರವೇ ಹಿತವಾಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಪಟ್ಟಿ ಅದೇ.

ಇನ್ನು ಕೆಟ್ಟ ಸುದ್ದಿ. ಮನೆ ಬಿಗಿಯಾದ ಮೇಲೆ ಬೆಳಿಗ್ಗೆ ಗಾಜಿನ ಮೇಲೆ ನೀರು ಕೂರಲು ಶುರುವಾಯಿತು. ಇದು ಪಟ್ಟಿಯ ದೋಷ ಅಲ್ಲ. ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ, ನಮ್ಮ ಉಸಿರು, ಇವುಗಳ ತೇವ ಮೊದಲು ಸಂದಿಯಿಂದ ಹೋಗುತ್ತಿತ್ತು, ಈಗ ಒಳಗೇ ಉಳಿಯುತ್ತದೆ. ಕೋಣೆ 20 ಡಿಗ್ರಿ ಇದ್ದು ತೇವಾಂಶ ಶೇ 50 ಇದ್ದರೆ, ಗಾಜು ಸುಮಾರು 9 ಡಿಗ್ರಿಗೆ ಇಳಿದಾಗ ಇಬ್ಬನಿ ಕಟ್ಟುತ್ತದೆ. ತೇವಾಂಶ ಶೇ 70 ಆದರೆ 14 ಡಿಗ್ರಿಗೇ ಕಟ್ಟುತ್ತದೆ. ಹಾಗೇ ಬಿಟ್ಟರೆ ಕಪಾಟಿನ ಹಿಂದೆ, ಗೋಡೆಯ ಮೂಲೆಯಲ್ಲಿ ಬೂಷ್ಟು ಗ್ಯಾರಂಟಿ. ಸ್ನಾನದ ಮನೆ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕುವುದು, ದಿನಕ್ಕೆ ಒಂದೆರಡು ಸಲ ಕಿಟಕಿಗಳನ್ನು ಪೂರ್ತಿ ತೆರೆದು ಸ್ವಲ್ಪ ಹೊತ್ತಿಗೆ ಮುಚ್ಚುವುದು, ಇಷ್ಟರಲ್ಲೇ ನಮ್ಮಲ್ಲಿ ಹತೋಟಿಗೆ ಬಂತು.

ಗ್ಯಾಸ್ ಗೀಸರ್, ಗ್ಯಾಸ್ ಹೀಟರ್, ಸೌದೆ ಒಲೆ ಇರುವ ಕೋಣೆಯ ವಿಷಯ ಇದಕ್ಕಿಂತ ಗಂಭೀರ. ಅಲ್ಲಿ ಗೋಡೆಯಲ್ಲಿ ಬಿಟ್ಟಿರುವ ಗಾಳಿಕಿಂಡಿಯನ್ನು ಎಷ್ಟೇ ಚಳಿ ಬಂದರೂ ಮುಚ್ಚಬಾರದು. ಉರಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಪಟ್ಟಿಗಳಿಗೆ ಖರ್ಚು ಮಾಡುವ ಮೊದಲು ಅದರ ಅಲಾರಂ ಒಂದನ್ನು ಕೊಳ್ಳಿ. ಅದರ ಸೆನ್ಸರ್‌ಗೂ ಆಯಸ್ಸು ಇದೆ, ಸಾಮಾನ್ಯವಾಗಿ 7ರಿಂದ 10 ವರ್ಷ. ತಾರೀಕು ಹಿಂಭಾಗದಲ್ಲಿ ಬರೆದಿರುತ್ತದೆ. ಸೀಲ್ ಮಾರುವವರು ಪ್ಯಾಕೆಟ್ ಮೇಲೆ ಈ ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ ಯಾಕೆ ಹಾಕುವುದಿಲ್ಲವೋ!

ಈಗ ಪ್ರತಿ ವರ್ಷ ಚಳಿಗೆ ಮುಂಚೆ ನಾವು ಮಾಡುವುದು ಕಡಿಮೆ. ರಬ್ಬರ್ ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತೆಳ್ಳಗೆ ಸಿಲಿಕಾನ್ ಸ್ಪ್ರೇ ಸವರುತ್ತೇವೆ. ಪೆಟ್ರೋಲಿಯಂ ಎಣ್ಣೆ, ಗ್ರೀಸ್ ಮುಟ್ಟಿಸುವುದಿಲ್ಲ, ಅದರಿಂದ ಇಪಿಡಿಎಂ ಊದಿಕೊಂಡು ಹಾಳಾಗುತ್ತದೆ. ಬಿಜಾಗರಿಯ ಸ್ಕ್ರೂ ಬಿಗಿಯುತ್ತೇವೆ. ಎಷ್ಟೋ ಸಲ ಸೀಲ್ ಹೋಗಿದೆ ಅಂದುಕೊಂಡ ಕಡೆ ಸ್ಕ್ರೂ ಬಿಗಿದರೇ ಸರಿಹೋಗುತ್ತದೆ. ಮಳೆನೀರಿನ ದೋಣಿಯ ಎಲೆ ತೆಗೆಯುವುದು, ಹೊರಗಿನ ನಲ್ಲಿಯ ಪೈಪ್ ಕಳಚಿ ನೀರು ಖಾಲಿ ಮಾಡುವುದೂ ಅದೇ ದಿನ. ನೀರು ಹೆಪ್ಪುಗಟ್ಟುವ ಊರಿನವರಿಗೆ ಇದು ಕಡ್ಡಾಯ. ಹೆಪ್ಪುಗಟ್ಟಿದಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಕೊಳವೆ ಸೀಳುತ್ತದೆ.

ಸ್ಟಾರ್ ಕೊಡಲೇಬೇಕು ಅಂದರೆ ಇಪಿಡಿಎಂ ಪಟ್ಟಿಗೆ ನಾಲ್ಕೂವರೆ. ಅರ್ಧ ಕಳೆದದ್ದು ಅದರ ಅಂಟಿಗೆ, ಬಿಸಿಲು ಬೀಳುವ ಬದಿಯಲ್ಲಿ ರಬ್ಬರಿಗಿಂತ ಮೊದಲು ಅದೇ ಸೋಲುತ್ತದೆ. ಸ್ಕ್ರೂ ಹಾಕುವ ಅಡಿಪಟ್ಟಿಗೆ ನಾಲ್ಕು, ವುಲ್ ಪೈಲ್‌ಗೆ ನಾಲ್ಕು. ಗಟ್ಟಿ ಫೋಮ್‌ಗೆ ಮೂರು, ಸ್ಪಂಜಿನದಕ್ಕೆ ಒಂದು, ಫಿಲ್ಮ್‌ಗೆ ಎರಡು. ಒಂದೇ ಸಲಕ್ಕೆ ಇಡೀ ಮನೆಗೆ ಕೊಳ್ಳಲು ಹೋಗಬೇಡಿ. ಒಂದು ಬಾಗಿಲಿಗೆ ಸಾಕಾಗುವಷ್ಟು ತಂದು ಹಾಕಿ, ಒಂದೆರಡು ವಾರ ಚಿಲಕ ಹೇಗೆ ಕೂರುತ್ತದೆ ನೋಡಿ, ಆಮೇಲೆ ಉಳಿದ ಕಡೆಗೆ ತನ್ನಿ.