ಬಾಡಿಗೆ ಕ್ಯಾಮೆರಾ, ಜೊತೆಗೆ ಎರಡು ಕೆಜಿ ಹುರುಳಿ

ಕಾಲೇಜಿನ ಕಿರುಚಿತ್ರಕ್ಕೆ ಅಂತ ತುಮಕೂರಿನ ಬಿ.ಎಚ್. ರಸ್ತೆ ಕಡೆಯ ಒಂದು ಅಂಗಡಿಯಿಂದ ಎರಡು ದಿನಕ್ಕೆ ಕ್ಯಾಮೆರಾ ಬಾಡಿಗೆಗೆ ತಂದಿದ್ದೆವು. ಕ್ಯಾಮೆರಾ, 18-55 ಎಂಎಂ ಜೂಮ್ ಲೆನ್ಸ್, ಟ್ರೈಪಾಡ್ ಸೇರಿ ದಿನಕ್ಕೆ 900 ರೂಪಾಯಿ. 50 ಎಂಎಂ ಲೆನ್ಸ್ ಬೇಕಂದ್ರೆ ಇನ್ನೂ 200. ಆಧಾರ್ ಜೆರಾಕ್ಸ್ ಕೊಟ್ಟು 3,000 ಅಡ್ವಾನ್ಸ್ ಇಡಬೇಕು. ಅಂಗಡಿ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ನಾವು ಕೇಳಿದ್ದು ಗಿಂಬಲ್, ಅಂದ್ರೆ ನಡೆದಾಡುತ್ತಾ ತೆಗೆದರೂ ಕ್ಯಾಮೆರಾ ಕುಲುಕದ ಹಾಗೆ ಹಿಡಿಯೋ ಸಾಧನ. ಕೌಂಟರಿನಲ್ಲಿದ್ದ ಅಣ್ಣ "ಕಥೆ ಏನಪ್ಪಾ?" ಅಂದರು. ಗುಬ್ಬಿ ಹತ್ತಿರದ ಹಳ್ಳೀಲಿ ಒಬ್ಬ ಅಜ್ಜಿ ಹುಣಸೆಹಣ್ಣು ಕುಟ್ಟುತ್ತಾ ಮೊಮ್ಮಗನ ಜೊತೆ ಮಾತಾಡೋದು, ಅಷ್ಟೇ ಅಣ್ಣಾ ಅಂದೆ. "ಅಜ್ಜಿ ಎಲ್ಲಿಗೂ ಓಡಲ್ವಲ್ಲ, ಗಿಂಬಲ್ ಯಾಕೆ? ಸುಮ್ನೆ ದುಡ್ಡು ದಂಡ" ಅಂತ ಹೇಳಿ ಟ್ರೈಪಾಡ್ ತೆಗೆದಿಟ್ಟರು. ಬರೋ ಬಾಡಿಗೆಯನ್ನೇ ಬೇಡ ಅಂದವರು ನನಗೆ ಸಿಕ್ಕಿದ್ದು ಇದೇ ಮೊದಲು.

ಇನ್ನೊಂದು ಉಪಕಾರ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 (ಒಂದೊಂದು ಫ್ರೇಮಿಗೂ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು) ಅಂತ ಅವರೇ ಸೆಟ್ ಮಾಡಿಕೊಟ್ಟರು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ, 1/50 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಣುಕು ಸಿಗೋದರಿಂದ ಬೆಳಕು ಎಲ್ಲ ಫ್ರೇಮಲ್ಲೂ ಒಂದೇ ಥರ ಇರುತ್ತೆ. ಹೋದ ವರ್ಷ 30 ಫ್ರೇಮ್, 1/60ರಲ್ಲಿ ತೆಗೆದು ಗೋಡೆ ತುಂಬಾ ಪಟ್ಟೆ ಓಡಿದ್ದು ಯಾಕೆ ಅಂತ ಆಗ ಅರ್ಥ ಆಯ್ತು.

50 ಎಂಎಂ ತಂದಿದ್ದು ಮಾತ್ರ ನಮ್ಮ ತಪ್ಪು. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದು ಹತ್ತಿರ ಹತ್ತಿರ 80 ಎಂಎಂ ಥರ, ಅಂದ್ರೆ ಇನ್ನೂ ಹತ್ತಿರಕ್ಕೆ ಎಳೆದ ಹಾಗೆ ಕಾಣುತ್ತೆ. ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅಜ್ಜಿ, ಮೊಮ್ಮಗ ಇಬ್ಬರೂ ಫ್ರೇಮಿಗೆ ಬರಲಿಲ್ಲ. ಕೈಯ ಕ್ಲೋಸಪ್ಪಿಗೆ ಮಾತ್ರ ಚಿನ್ನದಂಥ ಲೆನ್ಸ್. ಸಿಪ್ಪೆ ಒಡೆದು, ನಾರು ಎಳೆದು, ಬೀಜ ಪಟ್ ಅಂತ ಮೊರಕ್ಕೆ ಹಾರೋದು ಅಷ್ಟು ಚೆನ್ನಾಗಿ ಬಂತು. ಅದೂ ಲೆನ್ಸಿನ ಕಂಡಿ ಪೂರ್ತಿ ತೆರೆದ ಎಫ್/1.8ರಲ್ಲಿ ಅಲ್ಲ, ಅಲ್ಲಿ ಬೆರಳು ಒಂದಿಷ್ಟು ಮುಂದೆ ಬಂದರೂ ಮಸುಕು. ಕಂಡಿ ಕಿರಿದು ಮಾಡಿ ಎಫ್/4ಕ್ಕೆ ಇಳಿಸಿದ ಮೇಲೆ.

ಈಗ ಬೈಗುಳ. ಹಳ್ಳಿಗೆ ಹೋಗಿ ಟ್ರೈಪಾಡ್ ಬಿಚ್ಚಿದರೆ ತಲೆ ಮೇಲೆ ಪ್ಲೇಟೇ ಇಲ್ಲ! ಕ್ಯಾಮೆರಾ ಕೆಳಗೆ ತಿರುಪಿ ಹಾಕೋ ಆ ಅಂಗೈ ಅಗಲದ್ದು ಇಲ್ಲ ಅಂದ್ರೆ ಟ್ರೈಪಾಡು ಬರೀ ಮೂರು ಕೋಲು. ಫೋನ್ ಮಾಡಿದರೆ "ಹಿಂದಿನವರು ಕಳೆದಿರಬೇಕು" ಅಂದರು. ಅಜ್ಜಿ ನಮ್ಮ ಮುಖ ನೋಡಿ ಬಟ್ಟೆ ಚೀಲಕ್ಕೆ ಎರಡು ಕೆಜಿ ಹುರುಳಿ ಸುರಿದು ಕೊಟ್ಟರು. ಅದನ್ನು ಒರಳಿನ ಮೇಲಿಟ್ಟು ಕ್ಯಾಮೆರಾ ಒತ್ತಿ ಕೂರಿಸಿದೆವು, ಅಲುಗಾಡಲಿಲ್ಲ. ಆದರೆ ಒರಳಿನ ಎತ್ತರ ಎಷ್ಟೋ ಅಷ್ಟೇ ನಮ್ಮ ಆ್ಯಂಗಲ್ಲು. ಚೀಲ ಹೊತ್ತು ಜಾಗ ಬದಲಿಸೋವಾಗ ಇಬ್ಬರ ನಡುವಿನ ಕಾಣದ ಗೆರೆ (ಕ್ಯಾಮೆರಾ ಅದರ ಒಂದೇ ಬದೀಲಿ ಇರಬೇಕು) ದಾಟಿಬಿಟ್ಟೆ, ಎಡಿಟಿಂಗಿಗೆ ಕೂತಾಗ ನೋಡಿದರೆ ಅಜ್ಜಿ, ಮೊಮ್ಮಗ ಇಬ್ಬರೂ ಬಲಗಡೆಗೇ ನೋಡುತ್ತಿದ್ದಾರೆ, ಗೋಡೆ ಜೊತೆ ಮಾತಾಡೋ ಹಾಗೆ. ನಡುವೆ ಆ ಕೈಯ ಶಾಟ್ ತುರುಕಿ ಮಾನ ಉಳಿಸಿಕೊಂಡೆವು.

ಕ್ಯಾಮೆರಾಕ್ಕೆ ಮೈಕ್ ಸಿಕ್ಕಿಸೋ ತೂತೂ ಇರಲಿಲ್ಲ, ಅದನ್ನು ಅಣ್ಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ಫೋನನ್ನು ಮೊರದ ಹಿಂದೆ ಬಚ್ಚಿಟ್ಟು ರೆಕಾರ್ಡ್ ಮಾಡಿ, ಪ್ರತಿ ಟೇಕಿಗೂ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಆ ಚಪ್ಪಾಳೆ ಹಿಡಿದು ಶಬ್ದ, ಚಿತ್ರ ಎರಡನ್ನೂ ಕೂಡಿಸಿದೆವು. ಫ್ರೀ ವರ್ಷನ್ನೇ ಸಾಕು. ಒಂದು ಮಾತು, ಮೊದಲ ಕ್ಲಿಪ್ ಹಾಕೋ ಮುಂಚೆ ಪ್ರಾಜೆಕ್ಟ್ 25 ಫ್ರೇಮಿಗೆ ಇದೆಯಾ ನೋಡಿ, ಆಮೇಲೆ ಬದಲಿಸೋಕೆ ಬಿಡಲ್ಲ. ಖುಷಿ ಕೊಟ್ಟಿದ್ದು ಶುರುವಿನ ಕಟ್. ಖಾಲಿ ರಸ್ತೆ ಕಾಣುವಾಗಲೇ ಹುಣಸೆ ಕುಟ್ಟೋ ಟಕ್ ಟಕ್ ಕೇಳಿಸುತ್ತೆ, ಎರಡು ಸೆಕೆಂಡಾದ ಮೇಲೆ ಅಜ್ಜಿ ಕಾಣುತ್ತಾರೆ. ಕ್ಲಾಸಲ್ಲಿ ಎಲ್ಲರೂ ಕೇಳಿದ್ದು ಅದನ್ನೇ.

ವಾಪಸ್ ಕೊಡುವಾಗ ಟ್ರೈಪಾಡಿಗೆ ಅಂತ 150 ಬಿಟ್ಟುಕೊಟ್ಟರು, ಸಾರಿ ಅಂತಲೂ ಅಂದರು. ಮತ್ತೆ ಅಲ್ಲಿಗೇ ಹೋಗುತ್ತೇನೆ. ಆದರೆ ಕೌಂಟರ್ ಮುಂದೇ ಕ್ಯಾಮೆರಾ ಟ್ರೈಪಾಡ್ ಮೇಲೆ ಕೂತ ಮೇಲೇ ಜೇಬಿಗೆ ಕೈ ಹಾಕೋದು.