ಸ್ಟಾಕ್ ರೇಸ್‌ನಲ್ಲಿ ಮೇಲೆ ಕೂರೋದೋ, ನಡುವೆ ಅಡಗೋದೋ?

ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎಯ ಸ್ಟಾಕ್ ಎಲಿಮಿನೇಟರ್ ವಿಭಾಗದಲ್ಲಿ ಇಬ್ಬಿಬ್ಬರಾಗಿ ನೇರ ಹಾದಿಯಲ್ಲಿ ಕಾರು ಓಡಿಸುತ್ತಾರೆ. ಭಾರ, ಹಾರ್ಸ್‌ಪವರ್ ನೋಡಿ ಕಾರುಗಳನ್ನು ಕ್ಲಾಸುಗಳಾಗಿ ವಿಂಗಡಿಸುತ್ತಾರೆ, ಪ್ರತಿ ಕ್ಲಾಸಿಗೂ ಒಂದು ಇಂಡೆಕ್ಸ್, ಅಂದರೆ ಗೊತ್ತುಮಾಡಿದ ಸಮಯ, ಇರುತ್ತದೆ. ಅದಕ್ಕಿಂತ ಎಷ್ಟು ಕಡಿಮೆ ಸಮಯದಲ್ಲಿ ಕಾಲು ಮೈಲಿ ಮುಗಿಸಿದಿರಿ ಅನ್ನೋದರ ಮೇಲೆ ಕ್ವಾಲಿಫೈಯಿಂಗ್ ಸ್ಥಾನ. ಇಂಡೆಕ್ಸ್ 11.50 ಸೆಕೆಂಡ್ ಇದ್ದು ನೀವು 10.60 ಓಡಿದರೆ, 0.90 ಕೆಳಗೆ. ಟೆಕ್ಸಾಸ್‌ನಲ್ಲಿ ನನ್ನ ಹಳೇ ಕಮಾರೋ ಕಾರು ಹಾಕಿಕೊಂಡು ಪಟ್ಟಿಯ ಮೇಲೆ ಕೂರೋದು, ಬೇಕಂತಲೇ ನಡುವೆ ಅಡಗೋದು, ಎರಡೂ ದಾರಿ ನೋಡಿದ್ದೇನೆ.

ಆಕ್ಸಿಲರೇಟರ್ ಪೂರ್ತಿ ತುಳಿದು ಪಟ್ಟಿಯ ತುದಿಗೆ ಏರಿದರೆ ಖುಷಿ ಜಾಸ್ತಿ, ಲಾಭ ಕಡಿಮೆ. 64 ಕಾರಿದ್ದರೆ ಮೊದಲನೆಯವನಿಗೆ ಮೊದಲ ಸುತ್ತಲ್ಲಿ ಎದುರಾಳಿಯಾಗಿ ಸಿಗೋದು ಕೊನೆಯವನಲ್ಲ, 33ನೆಯವನು. ಎರಡನೆಯವನಿಗೆ 34ನೆಯವನು. ಅದೂ ಡಯಲ್-ಇನ್ (ಎಷ್ಟು ಸಮಯದಲ್ಲಿ ಓಡುತ್ತೇನೆ ಅಂತ ನೀವೇ ಬರೆಯುವ ಅಂದಾಜು) ಪ್ರಕಾರ ನಿಧಾನದ ಕಾರು ಮೊದಲೇ ಹೊರಡುತ್ತದೆ, ಹಾಗಾಗಿ ನಿಮ್ಮ ವೇಗಕ್ಕೆ ಅಲ್ಲಿ ಬೆಲೆಯಿಲ್ಲ. ಕಾರುಗಳ ಸಂಖ್ಯೆ ಬೆಸ ಬಂದರೆ ಮಾತ್ರ ಮೊದಲನೆಯವನಿಗೆ ಮೊದಲ ಸುತ್ತಿನ ಬೈ, ಅಂದರೆ ಎದುರಾಳಿಯಿಲ್ಲದ ಸುತ್ತು, ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಇಂಡೆಕ್ಸಿಗಿಂತ ತೀರಾ ಕೆಳಗೆ ಓಡುತ್ತಿದ್ದರೆ ಆ ಎಂಜಿನ್ನಿನ ಹಾರ್ಸ್‌ಪವರ್ ರೇಟಿಂಗನ್ನೇ ಏರಿಸುತ್ತಾರೆ. ಆಮೇಲೆ ಭಾರ ಹೇರಿಕೊಂಡು ಓಡಬೇಕು, ಇಲ್ಲವೇ ಕ್ಲಾಸ್ ಬದಲಿಸಬೇಕು.

ನಡುವೆ ಅಡಗಬೇಕಾದರೆ 1000 ಅಡಿ ದಾಟಿದ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲೆತ್ತಬೇಕು. ಎಂಜಿನ್ ಸದ್ದು ಕುಸಿಯುತ್ತದೆ, ಕಾರು ಸುಮ್ನೆ ಉರುಳುತ್ತದೆ. ಕಾರಿನ ನಿಜವಾದ ವೇಗದ ಗುಟ್ಟು ಉಳಿಯಿತು ಅಂದುಕೊಳ್ಳಬೇಡಿ, ಅರ್ಧ ದಾರಿಯ, ಅಂದರೆ 660 ಅಡಿಯ ಸಮಯ ನೋಡಿದವರಿಗೆ ಎಲ್ಲ ಗೊತ್ತಾಗುತ್ತದೆ. ಇನ್ನೊಂದು ಕಷ್ಟ: ಕೊನೇವರೆಗೂ ಪೂರ್ತಿ ತುಳಿದರೆ ಬರುವ ಸಮಯ ನಿಮಗೂ ಸಿಕ್ಕಿರಲ್ಲ. ಡಯಲ್-ಇನ್ ಬರೆಯುವಾಗ ಲೆಕ್ಕ ಹಾಕಬೇಕು, ಎದುರುಗಾಳಿ ಬೀಸಿದ ದಿನ ಆ ಲೆಕ್ಕ ಕೈಕೊಡುತ್ತದೆ.

ಹಾಗಾದರೂ ನನ್ನ ಮತ ನಡುವಿನ ಸ್ಥಾನಕ್ಕೇ. ಕಾರಣ ಹೆಡ್ಸ್-ಅಪ್. ಒಂದೇ ಕ್ಲಾಸಿನ ಎರಡು ಕಾರು ಎದುರಾದರೆ ಹ್ಯಾಂಡಿಕ್ಯಾಪ್ (ನಿಧಾನದ ಕಾರನ್ನು ಮೊದಲೇ ಬಿಡೋದು) ಇಲ್ಲ, ಬ್ರೇಕ್‌ಔಟ್ (ಡಯಲ್-ಇನ್‌ಗಿಂತ ಬೇಗ ಓಡಿದರೆ ಸೋಲು) ಇಲ್ಲ. ಇಬ್ಬರೂ ಒಟ್ಟಿಗೆ ಬಿಡಬೇಕು, ಮೊದಲು ಗೆರೆ ಮುಟ್ಟಿದವನು ಗೆದ್ದ. ನನ್ನ ಕ್ಲಾಸಿನಲ್ಲೇ ನನಗಿಂತ ಚುರುಕಾದ ಕಾರು 45ರಲ್ಲಿ ಕೂತಿದೆ, ನಾನು 13ರಲ್ಲಿದ್ದೇನೆ ಅನ್ನಿ. ಮೊದಲ ಸುತ್ತಲ್ಲೇ ಅವನು ಸಿಗುತ್ತಾನೆ! ಆಗ ಕ್ವಾಲಿಫೈಯಿಂಗ್‌ನ ಕೊನೇ ಸೆಷನ್ನಿನಲ್ಲಿ ಇನ್ನೊಂದಿಷ್ಟು ತುಳಿದು 11ಕ್ಕೋ 12ಕ್ಕೋ ಏರಿದರೆ ಆ ಜೋಡಿ ತಪ್ಪುತ್ತದೆ. ಕೈಯಲ್ಲಿ ಸ್ವಲ್ಪ ಉಳಿಸಿಕೊಂಡವನಿಗೆ ಮಾತ್ರ ಈ ಆಟ ಸಾಧ್ಯ, ಅಲ್ವಾ? ಸರದಿಯಲ್ಲಿ ಆದಷ್ಟು ಹಿಂದೆ ನಿಲ್ಲಿ. ಇಲ್ಲದಿದ್ದರೆ ನಿಮ್ಮ ನಂತರ ಓಡಿದವರು ಮತ್ತೆ 13ಕ್ಕೇ ತಳ್ಳುತ್ತಾರೆ.

ಇಂಡಿಯಾನಾಪೊಲಿಸ್‌ನ ಯುಎಸ್ ನ್ಯಾಷನಲ್ಸ್‌ನ ಕ್ಲಾಸ್ ಎಲಿಮಿನೇಷನ್ ಕಥೆ ಬೇರೆ. ಅಲ್ಲಿ ಕ್ಲಾಸಿನವರ ನಡುವೆಯೇ ನೇರ ಪೈಪೋಟಿ. ಅಡಗಿ ಕೂರೋಕೆ ಜಾಗವೇ ಇಲ್ಲ, ಗೆರೆ ದಾಟುವವರೆಗೂ ತುಳಿಯಬೇಕು.