ಹ್ಯಾಂಗ್ ಆದ ಪ್ರೋಗ್ರಾಂ ಎಲ್ಲಿ ನಿಂತಿದೆ ಅಂತ ತೋರಿಸುವ ಎಸ್‌ಟ್ರೇಸ್: ಬಳಸಿದವನ ಅಭಿಪ್ರಾಯ

ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಹುಡುಗರು ಯಾವ ಟೂಲ್ ಮೊದಲು ಕಲಿಯಲಿ ಅಂತ ಕೇಳಿದಾಗಲೆಲ್ಲ ನಾನು ಹೇಳುವ ಹೆಸರು ಒಂದೇ: ಎಸ್‌ಟ್ರೇಸ್. ದುಡ್ಡು ಕೊಡಬೇಕಿಲ್ಲ. ಉಬುಂಟು, ಡೆಬಿಯನ್, ಫೆಡೋರಾ ಯಾವುದರಲ್ಲಾದರೂ ಒಂದು ಕಮಾಂಡ್ ಹೊಡೆದರೆ ಇನ್‌ಸ್ಟಾಲ್ ಆಗುತ್ತದೆ. ಪ್ರೋಗ್ರಾಂನ ಸೋರ್ಸ್ ಕೋಡ್ ಬೇಕಿಲ್ಲ, ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕಿಲ್ಲ. ಓಡುತ್ತಿರುವ ಪ್ರೋಸೆಸ್‌ನ ನಂಬರ್ ಕೊಟ್ಟರೆ ಸಾಕು. ಅದು ಕರ್ನಲ್ ಹತ್ತಿರ, ಅಂದರೆ ಯಂತ್ರವನ್ನೆಲ್ಲ ನಡೆಸುವ ಲಿನಕ್ಸ್‌ನ ತಿರುಳಿನ ಹತ್ತಿರ, ಏನು ಕೇಳಿತು, ಕರ್ನಲ್ ಏನು ಉತ್ತರ ಕೊಟ್ಟಿತು, ಎಲ್ಲ ಸಾಲುಸಾಲಾಗಿ ಬರುತ್ತದೆ.

ಫೈಲ್ ತೆರೆಯಲಿ, ನೆಟ್‌ವರ್ಕ್‌ಗೆ ಹೋಗಲಿ, ಇನ್ನೊಂದು ಪ್ರೋಗ್ರಾಂ ಶುರು ಮಾಡಲಿ, ಎಲ್ಲದಕ್ಕೂ ಪ್ರೋಗ್ರಾಂ ಸಿಸ್ಟಮ್ ಕಾಲ್, ಅಂದರೆ ಕರ್ನಲ್‌ಗೆ ಕೋರಿಕೆ, ಮಾಡಲೇಬೇಕು. ಹಾಗಾಗಿ ಲಾಗ್ ಫೈಲ್ ಏನೇ ಬರೆದುಕೊಂಡಿರಲಿ, ಸಾಫ್ಟ್‌ವೇರ್ ಮಾರಿದವರು ಏನೇ ಹೇಳಲಿ, ನಿಜವಾಗಿ ನಡೆದದ್ದು ಇಲ್ಲಿ ಕಾಣುತ್ತದೆ. ನನಗೆ ಈ ಟೂಲ್ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ.

ಒಂದು ಉದಾಹರಣೆ ಹೇಳುತ್ತೇನೆ. ನಾನು ಶಿರಸಿ ಕಡೆಯ ಅಡಿಕೆ ಮಂಡಿಗಳ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವವನು. ಒಂದು ಮಂಡಿಯಲ್ಲಿ ಬಿಲ್ ಬಟನ್ ಒತ್ತಿದರೆ ಪರದೆ ಹಾಗೇ ನಿಂತುಬಿಡುತ್ತಿತ್ತು. ಆಮೇಲೆ ತಾನಾಗಿಯೇ ಮುಂದೆ ಹೋಗುತ್ತಿತ್ತು. ವ್ಯಾಪಾರದ ದಿನ ಎದುರಿಗೆ ರೈತರು ಸಾಲಾಗಿ ನಿಂತಿರುತ್ತಾರೆ, ಪ್ರತಿ ಬಿಲ್‌ಗೂ ಇದೇ ಕಥೆ. ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿದರೆ "ರ‍್ಯಾಮ್ ಸಾಲುತ್ತಿಲ್ಲ ಸಾರ್, ಜಾಸ್ತಿ ಮಾಡಿಸಿ" ಅಂದರು. ಸಿಪಿಯು ನೋಡಿದರೆ ಖಾಲಿ ಕೂತಿದೆ, ರ‍್ಯಾಮ್ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿದೆ.

ಆ ಪ್ರೋಸೆಸ್‌ಗೆ ಎಸ್‌ಟ್ರೇಸ್ ಹಚ್ಚಿದೆ. ಮೈನಸ್ ಪಿ ಕೊಟ್ಟು ಪ್ರೋಸೆಸ್ ನಂಬರ್, ಎಲ್ಲ ಥ್ರೆಡ್‌ಗಳೂ ಬರಲಿ ಅಂತ ಮೈನಸ್ ಎಫ್, ಪ್ರತಿ ಸಾಲಿಗೂ ಗಡಿಯಾರದ ಸಮಯ ಬರಲಿ ಅಂತ ಮೈನಸ್ ಟಿ ಟಿ, ಒಂದೊಂದು ಕಾಲ್‌ಗೆ ಎಷ್ಟು ಹೊತ್ತಾಯಿತು ಅಂತ ಗೊತ್ತಾಗಲಿ ಅಂತ ಕ್ಯಾಪಿಟಲ್ ಟಿ. ಬಿಲ್ ಒತ್ತಲು ಹೇಳಿದೆ. ಸಾಲುಗಳು ಸರಸರನೆ ಹರಿದವು, ಒಂದು ಕಡೆ ಬಂದು ನಿಂತವು. ನಿಂತ ಸಾಲಿನಲ್ಲಿದ್ದದ್ದು ಉತ್ತರ ಬರುವವರೆಗೆ ಕಾಯುವ ಪೋಲ್ ಅನ್ನುವ ಕಾಲ್, ಅದಕ್ಕೆ ಕೊಟ್ಟ ಕಾಯುವ ಮಿತಿ 5000 ಮಿಲಿಸೆಕೆಂಡ್. ಐದು ಸೆಕೆಂಡ್ ಆದ ಮೇಲೆ ಉತ್ತರ 0, ಪಕ್ಕದಲ್ಲಿ ಟೈಮ್‌ಔಟ್ ಅಂತ ಬಂತು. ಅದಕ್ಕಿಂತ ಮೇಲಿನ ಸಾಲುಗಳಲ್ಲಿ ಒಂದು ಐಪಿ ವಿಳಾಸದ 53ನೇ ಪೋರ್ಟ್‌ಗೆ ಕನೆಕ್ಟ್ ಮಾಡಿ ಏನೋ ಕಳಿಸಿದ್ದು ಕಾಣುತ್ತಿತ್ತು. 53 ಅಂದರೆ ಡಿಎನ್‌ಎಸ್, ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಸೇವೆ; ಅದನ್ನು ಕೊಡುವ ಯಂತ್ರವೇ ನೇಮ್‌ಸರ್ವರ್. ಟೈಮ್‌ಔಟ್ ಆದ ಮೇಲೆ ಬೇರೆ ವಿಳಾಸಕ್ಕೆ ಅದೇ ಪ್ರಶ್ನೆ ಹೋಯಿತು, ಉತ್ತರ ತಕ್ಷಣ ಬಂತು, ಬಿಲ್ ಪ್ರಿಂಟ್ ಆಯಿತು.

ಮೊದಲನೇ ವಿಳಾಸ ಯಾವಾಗಲೋ ತೆಗೆದುಹಾಕಿದ ಹಳೆ ರೌಟರ್‌ದು. ನೇಮ್‌ಸರ್ವರ್‌ಗಳ ಪಟ್ಟಿ ಇರುವ ಫೈಲ್‌ನಲ್ಲಿ ಅದರ ವಿಳಾಸ ಮಾತ್ರ ಹಾಗೇ ಮೇಲೆ ಕೂತಿತ್ತು. ಲಿನಕ್ಸ್ ಪ್ರೋಗ್ರಾಂಗಳು ಬಳಸುವ ಮೂಲ ಸಿ ಲೈಬ್ರರಿ ಜಿಲಿಬ್‌ಸಿ, ಒಂದು ನೇಮ್‌ಸರ್ವರ್ ಉತ್ತರ ಕೊಡದಿದ್ದರೆ ಸಾಮಾನ್ಯವಾಗಿ ಐದು ಸೆಕೆಂಡ್ ಕಾದು ಮುಂದಿನದಕ್ಕೆ ಹೋಗುತ್ತದೆ. ಆ ಒಂದು ಸಾಲು ಅಳಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿದೆ, ಅಷ್ಟೇ. ಹೊಸ ರ‍್ಯಾಮ್ ಹಾಕಿಸಿದ್ದರೆ ದುಡ್ಡೂ ಹೋಗುತ್ತಿತ್ತು, ಆ ಐದು ಸೆಕೆಂಡೂ ಹಾಗೇ ಇರುತ್ತಿತ್ತು.

ಇದರ ಹಿಂದಿನ ಕೆಲಸ ಕರ್ನಲ್‌ದು. ಪಿಟ್ರೇಸ್ ಅನ್ನುವ ಸಿಸ್ಟಮ್ ಕಾಲ್ ಒಂದಿದೆ. ಒಂದು ಪ್ರೋಸೆಸ್ ಇನ್ನೊಂದನ್ನು ಹಿಡಿದು ನಿಲ್ಲಿಸಬಹುದು, ಅದರ ಮೆಮೊರಿ ಓದಬಹುದು, ಬರೆಯಬಹುದು, ರಿಜಿಸ್ಟರ್ ಬದಲಿಸಬಹುದು. ಜಿಡಿಬಿ ಅನ್ನುವ ಡೀಬಗರ್ (ಪ್ರೋಗ್ರಾಂನ ತಪ್ಪು ಹುಡುಕುವ ಟೂಲ್) ಕೂಡ ಇದೇ ಬಾಗಿಲಿನಿಂದ ಒಳಗೆ ಹೋಗುವುದು. ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಗುರುತು) ಇಡುವುದು ಅಂದರೆ ಎಕ್ಸ್86 ಯಂತ್ರದಲ್ಲಿ ಆ ಜಾಗದ ಒಂದು ಬೈಟ್ ತೆಗೆದು ಅಲ್ಲಿ ಟ್ರ್ಯಾಪ್ ಆಗುವ ಬೈಟ್ ಬರೆಯುವುದು. ಅದನ್ನು ಹಂಚಿಕೊಂಡ ಲೈಬ್ರರಿಯ ಪುಟದಲ್ಲಿ ಬರೆದರೂ ಬೇರೆ ಪ್ರೋಸೆಸ್‌ಗಳಿಗೆ ತೊಂದರೆ ಆಗುವುದಿಲ್ಲ. ಈ ಪ್ರೋಸೆಸ್‌ಗೆ ಮಾತ್ರ ಆ ಪುಟದ ಬೇರೆ ಪ್ರತಿಯನ್ನು ಕರ್ನಲ್ ಮಾಡಿಕೊಡುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ?

ಪಿಟ್ರೇಸ್ 1975ರ ಆರನೇ ಆವೃತ್ತಿಯ ಯೂನಿಕ್ಸ್‌ನಷ್ಟು ಹಳೆಯದು. ಎಸ್‌ಟ್ರೇಸ್ ಅನ್ನು ಪಾಲ್ ಕ್ರಾನೆನ್‌ಬರ್ಗ್ 1991ರಲ್ಲಿ ಸನ್ ಕಂಪನಿಯ ಯೂನಿಕ್ಸ್ ಆದ ಸನ್‌ಓಎಸ್‌ಗೆ ಬರೆದರು. ಲಿನಕ್ಸ್‌ಗೆ ತಂದವರು ಬ್ರಾಂಕೊ ಲ್ಯಾಂಕೆಸ್ಟರ್, ಅದಕ್ಕೆ ಬೇಕಾದ ಕರ್ನಲ್ ಭಾಗವನ್ನೂ ಅವರೇ ಬರೆದರು. ಈಗ ವರ್ಷಗಳಿಂದ ಡಿಮಿಟ್ರಿ ಲೆವಿನ್ ನೋಡಿಕೊಳ್ಳುತ್ತಿದ್ದಾರೆ. ಕರ್ನಲ್‌ಗೆ ಹೊಸ ಸಿಸ್ಟಮ್ ಕಾಲ್ ಬಂದರೆ ಸ್ವಲ್ಪ ದಿನದಲ್ಲೇ ಎಸ್‌ಟ್ರೇಸ್ ಅದನ್ನು ಹೆಸರಿಟ್ಟು, ಬಿಡಿಸಿ ತೋರಿಸುತ್ತದೆ. ಇಂಥ ಕೆಲಸ ಹೊರಗೆ ಕಾಣುವುದಿಲ್ಲ, ಆದರೆ ನಮ್ಮಂಥವರ ದಿನ ನಡೆಯುವುದು ಅದರಿಂದಲೇ.

ಹಳೆಯದು ಅಂದಮೇಲೆ ಒರಟೂ ಹೌದು. ಮೊದಲೆಲ್ಲ ಪ್ರೋಸೆಸ್ ಹಿಡಿಯುವಾಗ ಅದಕ್ಕೆ ನಿಲ್ಲು ಅನ್ನುವ ಸಿಗ್‌ಸ್ಟಾಪ್ ಸಿಗ್ನಲ್ ಹೋಗುತ್ತಿತ್ತು, ನಿಜವಾದ ಸಿಗ್‌ಸ್ಟಾಪ್ ಜೊತೆ ಅದು ಕಲಸಿಹೋಗುತ್ತಿತ್ತು. 2012ರಲ್ಲಿ 3.4 ಕರ್ನಲ್‌ಗೆ ಸೀಝ್ ಅನ್ನುವ ಹೊಸ ದಾರಿ ಬಂತು, ಆ ಗೋಜಲು ಹೋಯಿತು. 2019ರ 5.3 ಕರ್ನಲ್‌ನಿಂದ ಈಚೆಗೆ, ಪ್ರೋಸೆಸ್ ನಿಂತದ್ದು ಸಿಸ್ಟಮ್ ಕಾಲ್‌ನ ಒಳಗೆ ಹೋಗುವಾಗಲೋ ಹೊರಗೆ ಬರುವಾಗಲೋ ಅಂತ ಕರ್ನಲ್‌ಅನ್ನೇ ನೇರ ಕೇಳಬಹುದು. ಅದಕ್ಕೂ ಮೊದಲು ಟೂಲ್ ತಾನೇ ಲೆಕ್ಕ ಇಟ್ಟುಕೊಳ್ಳಬೇಕಿತ್ತು. ಒಂದು ಪ್ರೋಸೆಸ್‌ಗೆ ಒಂದೇ ಟ್ರೇಸರ್ ಅನ್ನುವ ನಿಯಮ ಮಾತ್ರ ಇವತ್ತಿಗೂ ಇದೆ. ಜಿಡಿಬಿ ಹಿಡಿದ ಪ್ರೋಸೆಸ್‌ಗೆ ಎಸ್‌ಟ್ರೇಸ್ ಹಚ್ಚಲು ಆಗುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರಿಸುವ ಕೊರತೆ.

ಅದಕ್ಕಿಂತ ದೊಡ್ಡ ಕೊರತೆ ವೇಗ. ಒಂದೊಂದು ಸಿಸ್ಟಮ್ ಕಾಲ್‌ಗೂ ಪ್ರೋಸೆಸ್ ಎರಡು ಸಲ ನಿಲ್ಲುತ್ತದೆ. ಪ್ರತಿ ಊರಿಗೆ ಹೋಗುವಾಗಲೂ ಬರುವಾಗಲೂ ಲಾರಿ ನಿಲ್ಲಿಸಿ ಚೆಕ್ ಮಾಡಿದ ಹಾಗೆ. ಸಿಸ್ಟಮ್ ವೇಗದ ಪರಿಣತ ಬ್ರೆಂಡನ್ ಗ್ರೆಗ್ 2014ರಲ್ಲಿ ಬೇಕೆಂದೇ ಕೆಟ್ಟ ಉದಾಹರಣೆ ತೆಗೆದುಕೊಂಡು, ಡಿಡಿ ಕಮಾಂಡ್‌ನಿಂದ ಒಂದೊಂದೇ ಬೈಟ್ ಕಾಪಿ ಮಾಡಿಸಿ ಅಳೆದು ತೋರಿಸಿದ್ದರು. ಎಸ್‌ಟ್ರೇಸ್ ಅಡಿಯಲ್ಲಿ ಅದು 442 ಪಟ್ಟು ನಿಧಾನವಾಗಿತ್ತು. ಬಿಲ್ಲಿಂಗ್ ಪ್ರೋಸೆಸ್ ಹೆಚ್ಚು ಹೊತ್ತು ಸುಮ್ನೆ ಕೂತಿರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ತುಂಬಾ ಬ್ಯುಸಿ ಇರುವ ಡೇಟಾಬೇಸ್‌ಗೆ ಹಗಲು ಹೊತ್ತಿನಲ್ಲಿ ಇದನ್ನು ಹಚ್ಚಲೇಬೇಡಿ. ಎಸ್‌ಟ್ರೇಸ್ 5.3ರಿಂದ ಸೆಕ್‌ಕಾಂಪ್ ಅನ್ನುವ ಕರ್ನಲ್‌ನ ಜರಡಿ ಬಳಸುವ ಆಯ್ಕೆ ಇದೆ, ನಾವು ಕೇಳದ ಕಾಲ್‌ಗಳಿಗೆ ಪ್ರೋಸೆಸ್ ನಿಲ್ಲುವುದಿಲ್ಲ. ಆದರೆ ಪ್ರೋಗ್ರಾಂಅನ್ನು ಎಸ್‌ಟ್ರೇಸ್ ಮೂಲಕವೇ ಶುರು ಮಾಡಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಬ್ಯುಸಿ ಸರ್ವರ್‌ಗೆ ಪರ್ಫ್ ಟ್ರೇಸ್ ಅಥವಾ ಬಿಪಿಎಫ್‌ಟ್ರೇಸ್ ಹಿಡಿಯಿರಿ. ಅವು ಪ್ರೋಸೆಸ್ ನಿಲ್ಲಿಸುವುದಿಲ್ಲ, ಕರ್ನಲ್ ಒಳಗೇ ಲೆಕ್ಕ ತೆಗೆದುಕೊಳ್ಳುತ್ತವೆ. ಕರ್ನಲ್‌ನ ಫಂಕ್ಷನ್‌ಗಳ ಒಳಗೇ ಇಣುಕಲು ಬಿಪಿಎಫ್‌ಟ್ರೇಸ್ ಕೆಪ್ರೋಬ್ಸ್ ಅನ್ನುವ ಕರ್ನಲ್ ಸೌಲಭ್ಯ ಬಳಸುತ್ತದೆ. ಆ ಕೆಪ್ರೋಬ್ಸ್ ಸೋರ್ಸ್ ಫೈಲ್ ತೆರೆದು ನೋಡಿ, ಮೇಲ್ಗಡೆಯೇ ಇಬ್ಬರ ಹೆಸರು ಸಿಗುತ್ತದೆ: 2002ರಲ್ಲಿ ಶುರು ಮಾಡಿದ ವಂಶಿ ಕೃಷ್ಣ, 2004ರಲ್ಲಿ ಅದನ್ನು ಮುಂದುವರಿಸಿದ ಪ್ರಸನ್ನ ಪಂಚಮುಖಿ. ಇಬ್ಬರದೂ ಐಬಿಎಂನ ಭಾರತದ ವಿಳಾಸ. ಲಿನಕ್ಸ್ ಕರ್ನಲ್‌ನ ಆ ಫೈಲ್‌ನಲ್ಲಿ ಅವರ ಹೆಸರು ನೋಡಿದಾಗ ನನಗೆ ತುಂಬಾ ಖುಷಿಯಾಯಿತು. ಹಾಗಂತ ಈ ಟೂಲ್‌ಗಳಿಗೆ ರೂಟ್, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಬೇಕು, ಹಳೆ ಕರ್ನಲ್ ಇದ್ದರೆ ಒದ್ದಾಟ ಬೇರೆ. ಎಸ್‌ಟ್ರೇಸ್‌ಗೆ ಆ ತಲೆನೋವು ಕಡಿಮೆ.

ಅನುಮತಿ ವಿಷಯ ಮೊದಲೇ ತಿಳಿದಿರಲಿ. ನಿಮ್ಮದೇ ಪ್ರೋಸೆಸ್‌ಗೆ ಹಚ್ಚಿದರೂ ಉಬುಂಟು "ಅನುಮತಿ ಇಲ್ಲ" ಅನ್ನುತ್ತದೆ. ಉಬುಂಟು 10.10 ಆವೃತ್ತಿಯಿಂದಲೂ ಅದು ಹಾಗೇ. ಯಾಮಾ ಅನ್ನುವ ಭದ್ರತಾ ಮಾಡ್ಯೂಲ್‌ನ ಪಿಟ್ರೇಸ್ ಸ್ಕೋಪ್ 1 ಅಂತ ಇರುತ್ತದೆ, ತಾನು ಶುರು ಮಾಡಿದ ಪ್ರೋಸೆಸ್‌ಗಳನ್ನು ಬಿಟ್ಟು ಬೇರೆಯದನ್ನು ಹಿಡಿಯಲು ಬಿಡುವುದಿಲ್ಲ. ಇದು ಒಳ್ಳೆಯ ನಿಯಮ. ನಿಮ್ಮ ಬ್ರೌಸರ್‌ನ ಮೆಮೊರಿಯನ್ನು ಯಾವುದೋ ಕಳ್ಳ ಪ್ರೋಗ್ರಾಂ ಓದಬಾರದಲ್ಲ. ಸುಡೊ ಹಾಕಿ (ರೂಟ್ ಅಧಿಕಾರದಲ್ಲಿ) ಹಚ್ಚಿ, ಆ ಸೆಟ್ಟಿಂಗ್ ಮಾತ್ರ 0 ಮಾಡಿ ಬಿಟ್ಟುಬಿಡಬೇಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನಿಸಿ. ಎಸ್‌ಟ್ರೇಸ್ ಔಟ್‌ಪುಟ್‌ನಲ್ಲಿ ರೀಡ್, ರೈಟ್ ಆದ ಡೇಟಾ ಹಾಗೇ ಬರುತ್ತದೆ. ಸಾಮಾನ್ಯವಾಗಿ ಮೊದಲ 32 ಅಕ್ಷರಗಳಷ್ಟೇ, ಮೈನಸ್ ಎಸ್ ಜೊತೆ ದೊಡ್ಡ ಸಂಖ್ಯೆ ಕೊಟ್ಟರೆ ಅಷ್ಟು ಅಕ್ಷರದವರೆಗೂ. ಅದರಲ್ಲಿ ಪಾಸ್‌ವರ್ಡ್ ಇರಬಹುದು, ರೈತರ ಬ್ಯಾಂಕ್ ಖಾತೆ ನಂಬರ್ ಇರಬಹುದು. ಸಹಾಯ ಕೇಳಲು ಅದನ್ನು ಎಲ್ಲಾದರೂ ಹಾಕುವ ಮುಂಚೆ ಸಾಲುಸಾಲು ಓದಿ, ಅಂಥದ್ದನ್ನೆಲ್ಲ ತೆಗೆಯಿರಿ.

ಹೆಚ್ಚು ಜನ ಬಳಸದ, ನನಗೆ ಮಾತ್ರ ಬಹಳ ಇಷ್ಟವಾದ ಗುಣ ಒಂದಿದೆ: ಇಂಜೆಕ್ಟ್. ಪ್ರೋಗ್ರಾಂನ ಯಾವುದಾದರೂ ಸಿಸ್ಟಮ್ ಕಾಲ್ ಬೇಕೆಂದೇ ಸೋಲುವ ಹಾಗೆ ಮಾಡಬಹುದು. ಮೂರನೇ ರೈಟ್‌ಗೆ "ಡಿಸ್ಕ್‌ನಲ್ಲಿ ಜಾಗ ಇಲ್ಲ" ಅನ್ನುವ ಎರರ್ ಕೊಡು ಅಂದರೆ ಕೊಡುತ್ತದೆ. ಡಿಸ್ಕ್ ನಿಜವಾಗಿ ತುಂಬಿಸಬೇಕಿಲ್ಲ. ಎಸ್‌ಟ್ರೇಸ್ ಕರ್ನಲ್ ಬಾಗಿಲಲ್ಲೇ ಆ ಕಾಲ್‌ನ ನಂಬರ್ ಬದಲಿಸಿ, ನಡೆಯದ ಹಾಗೆ ಮಾಡಿ, ಹೊರಗೆ ಬರುವಾಗ ಎರರ್ ಇಟ್ಟು ಕಳಿಸುತ್ತದೆ. ಪ್ರೋಗ್ರಾಂಗೆ ಗೊತ್ತೇ ಆಗುವುದಿಲ್ಲ. ಆ ಬಿಲ್ಲಿಂಗ್ ಸಾಫ್ಟ್‌ವೇರ್‌ಅನ್ನು ಟೆಸ್ಟ್ ಯಂತ್ರದಲ್ಲಿ ಹೀಗೆ ಓಡಿಸಿ ನೋಡಿದೆ. ರೈಟ್ ಸೋತಿದೆ, ಪರದೆಯ ಮೇಲೆ ಮಾತ್ರ "ಬಿಲ್ ಸೇವ್ ಆಗಿದೆ" ಅಂತ ಬಂತು. ಔಟ್‌ಪುಟ್‌ನ ಕೆಲವೇ ಸಾಲುಗಳನ್ನು ಅವರಿಗೆ ಕಳಿಸಿದೆ. ಈ ಸಲ ಯಾರೂ ರ‍್ಯಾಮ್ ವಿಷಯ ಎತ್ತಲಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಸರಿ ಮಾಡಿ ಕೊಟ್ಟರು.